ದರ್ಶನವೂ ಸಂಗ್ರಹವೂ

ಪುಣ್ಯಕರವಾದ ದೃಶ್ಯವೊಂದು ನಡೆಯುತ್ತಿರುವ ಹೊತ್ತಿನಲ್ಲಿ ತಾನು ಅಲ್ಲಿರದೆ, ಮನೆಯ ಟಿ.ವಿ.ಯ ಮುಂದೆಯೂ ಕುಳಿತಿರದೆ, ನೋಡುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿ ತೋಟಕ್ಕೋ ಕಚೇರಿಗೋ ಹೊರಟುಹೋದ ಗೃಹಸ್ಥನು, ಬಿಡುವಾದ ಇನ್ನೊಂದು ದಿನ ಆ ಯಂತ್ರವು ಹಿಡಿದಿಟ್ಟುದನ್ನು ಕೈಮುಗಿದು ನೋಡಿದರೆ, ಆತನಿಗೆ ಲಭಿಸಿದುದನ್ನು ದರ್ಶನವೆನ್ನಬಹುದೇ? ಪ್ರಶ್ನೆಯು ಮೇಲುನೋಟಕ್ಕೆ ಅಲ್ಪವೆಂದು ತೋರುವುದು. ಆದರೆ ದರ್ಶನದಿಂದ ಫಲವುಂಟೆಂದು ನಂಬಿ ಬಾಳುವ ಜನಕ್ಕೆ, ಕಾಣುವವನೂ ಕಾಣಲ್ಪಡುವುದೂ ಒಂದೇ ಕಾಲದಲ್ಲಿ ಎದುರುಬದುರಾಗಿ ಇರಬೇಕೇ, ಇರದಿದ್ದರೆ ಫಲದಲ್ಲಿ ಕೊರತೆಯುಂಟಾಗುವುದೇ, ಕಂಡುದನ್ನು ಕೂಡಿಡುವುದು ಭಕ್ತಿಯೋ ಲೋಭವೋ ಎಂಬ ವಿಚಾರಗಳು ಅಲ್ಪವಾಗಲಾರವು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ನಡುವಣ ವಾಮದಪದವಿನ ಸೀಮೆಯಲ್ಲಿ ಈ ಪ್ರಶ್ನೆಯು ಹುಟ್ಟಿದುದು ಗ್ರಂಥಗಳಿಂದಲ್ಲ, ಮನೆಗಳ ಚಾವಡಿಯಿಂದ. 2005ರ ಆಚೀಚೆಗೆ, ಗಲ್ಫಿನಿಂದ ರಜೆಗೆ ಬರುವ ಮಕ್ಕಳು ತಂದಿತ್ತೋ, ಮಂಗಳೂರಿನ ಅಂಗಡಿಗಳಲ್ಲಿ ಕೊಂಡೋ, ಅನುಕೂಲವಂತರ ಮನೆಗಳಲ್ಲಿ ಟಿ.ವಿ.ಯ ಕೆಳಗಿನ ಹಲಗೆಯ ಮೇಲೆ ಡಿ.ವಿ.ಡಿ. ರೆಕಾರ್ಡರ್ ಎಂಬ ಯಂತ್ರವು ಬಂದು ನೆಲೆಸಿತು. ನೋಟಕ್ಕೆ ಅದು ಸಿನಿಮಾ ತೋರಿಸುವ ಸಾಮಾನ್ಯ ಪ್ಲೇಯರಿನಂತೆಯೇ ಇದ್ದರೂ, ಟಿ.ವಿ.ಯಲ್ಲಿ ಬರುತ್ತಿರುವುದನ್ನು ಖಾಲಿ ಡಿಸ್ಕಿನ ಮೇಲೆ ಬರೆದಿಡುವ ಶಕ್ತಿಯು ಅದಕ್ಕಿತ್ತು. ಡಿಸ್ಕಿನಲ್ಲಿ 4.7 ಗಿಗಾಬೈಟು ಸ್ಥಳ. ಉತ್ತಮ ಗುಣದಲ್ಲಿ ಬರೆದರೆ 2 ಗಂಟೆ, ಗುಣವನ್ನು ತಗ್ಗಿಸಿದರೆ 4, ಇನ್ನೂ ತಗ್ಗಿಸಿದರೆ 6. ಕೆಂಪು ಲೇಸರ್ ಕಿರಣವು ಡಿಸ್ಕಿನೊಳಗಿನ ಬಣ್ಣದ ಪದರವನ್ನು ಸುಡುತ್ತ ಒಳಸುತ್ತಿನಿಂದ ಹೊರಸುತ್ತಿನ ಕಡೆಗೆ ಬರೆಯುತ್ತ ಹೋಗುವುದರಿಂದ, ಬರೆದಾದ ಡಿಸ್ಕನ್ನು ತಿರುಗಿಸಿ ಬೆಳಕಿಗೆ ಹಿಡಿದರೆ, ಸುಟ್ಟ ಭಾಗವೂ ಸುಡದ ಭಾಗವೂ ಬೇರೆಬೇರೆ ಛಾಯೆಯ ಎರಡು ಬಳೆಗಳಾಗಿ ಕಾಣುತ್ತವೆ. ಎಷ್ಟು ಹೊತ್ತಿನ ಕಾಲವು ಅದರೊಳಗೆ ಸೇರಿತೆಂಬುದನ್ನು ಬರಿಗಣ್ಣಿನಿಂದಲೇ ಅಳೆಯಬಹುದು.

ಇದನ್ನು ನಡೆಸುವುದಕ್ಕೆ ಸ್ವಲ್ಪ ಶಿಸ್ತು ಬೇಕಾಗಿತ್ತು. ಹಿಂದಿನ ರಾತ್ರಿಯೇ ಟೈಮರಿಗೆ ದಿನವನ್ನೂ ಆರಂಭದ ವೇಳೆಯನ್ನೂ ಮುಕ್ತಾಯದ ವೇಳೆಯನ್ನೂ ತುಂಬಬೇಕು. ಸೆಟ್‌ಟಾಪ್ ಬಾಕ್ಸನ್ನು ಬೇಕಾದ ವಾಹಿನಿಗೆ ತಿರುಗಿಸಿ ಚಾಲೂ ಇಟ್ಟೇ ಮನೆಯಿಂದ ಹೊರಡಬೇಕು. ನಡುವೆ ಯಾರಾದರೂ ವಾಹಿನಿಯನ್ನು ಬದಲಿಸಿದರೆ ಬಾಹುಬಲಿಯ ಅಭಿಷೇಕದ ಮೇಲೆ ಕ್ರಿಕೆಟ್ಟು ಬಂದು ಕೂರುವುದು. ಕರೆಂಟು ಹೋದರೆ ಅಲ್ಲಿಗೇ ಮುಗಿಯಿತು. ಇಷ್ಟೆಲ್ಲ ಪಾಲಿಸಿದ ಮೇಲೂ ‘ಫೈನಲೈಸ್’ ಎಂಬ ಕಡೆಯ ವಿಧಿಯನ್ನು ಪೂರೈಸದಿದ್ದರೆ ಆ ಡಿಸ್ಕು ಪಕ್ಕದ ಮನೆಯ ಪ್ಲೇಯರಿನಲ್ಲಿ ಓಡುತ್ತಿರಲಿಲ್ಲ. ಮೈಸೂರು ದಸರೆಯ ಜಂಬೂಸವಾರಿ, ಚಂದನ ವಾಹಿನಿಯಲ್ಲಿ ಬರುವ ಯಕ್ಷಗಾನ, ತಿರುಮಲೆಯ ಉತ್ಸವಗಳು, ಎಲ್ಲಕ್ಕಿಂತ ಮಿಗಿಲಾಗಿ 2006ರ ಫೆಬ್ರವರಿಯಲ್ಲಿ ನಡೆದ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ, ಹೀಗೆ ಈ ಮನೆಗಳ ಕಪಾಟುಗಳಲ್ಲಿ ಪುಣ್ಯದೃಶ್ಯಗಳ ಭಂಡಾರವೊಂದು ಕ್ರಮೇಣ ಬೆಳೆಯಿತು.

ದೇಶದ ದೂರವು ದರ್ಶನಕ್ಕೆ ಬಾಧಕವಲ್ಲವೆಂಬುದನ್ನು ನಮ್ಮವರು ಎಂದೋ ಒಪ್ಪಿದ್ದಾರೆ. ಬಾಹುಬಲಿಯ ಮೂರ್ತಿಯಿರುವ ವಿಂಧ್ಯಗಿರಿಯ ಮೇಲೆ ಅಭಿಷೇಕದ ಹೊತ್ತಿಗೆ ನಿಲ್ಲಬಲ್ಲವರು ಕೆಲವು ಸಾವಿರ ಮಂದಿ ಮಾತ್ರ; ಉಳಿದ ಲಕ್ಷಾಂತರ ಜನ ಬೆಟ್ಟದ ಬುಡದಲ್ಲಿಯೋ ಎದುರಿನ ಚಂದ್ರಗಿರಿಯಲ್ಲಿಯೋ ನಿಂತು, ಹಾಲಿನ ಧಾರೆಯು ಇಳಿಯುವಾಗ ಜಯಕಾರ ಮಾಡುತ್ತಾರೆ. 1981ರಲ್ಲಿ ಮೂರ್ತಿಯ ಸಹಸ್ರಾಬ್ದಿಯ ಸಂದರ್ಭದಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಹೆಲಿಕಾಪ್ಟರಿನಿಂದ ಪುಷ್ಪವೃಷ್ಟಿ ಮಾಡಿದರು. ಆಕಾಶದಲ್ಲಿದ್ದ ಅವರಿಗೆ ದರ್ಶನವಾಗಲಿಲ್ಲವೆಂದು ಯಾರೂ ವಾದಿಸಲಿಲ್ಲ. ಬುಡದಿಂದ ಕಾಣಬಹುದಾದರೆ, ಬಾನಿನಿಂದ ಕಾಣಬಹುದಾದರೆ, ವಾಮದಪದವಿನಿಂದ ಟಿ.ವಿ.ಯ ಮೂಲಕ ಅದೇ ಕ್ಷಣದಲ್ಲಿ ಕಾಣುವವನನ್ನು ಹೊರಗಿಡುವುದು ನ್ಯಾಯವಲ್ಲ. ಆದ್ದರಿಂದ ನಿಜವಾದ ತೊಡಕು ಕಾಲದ ದೂರದ್ದು. ಕಳೆದ ತಿಂಗಳು ಸುರಿದು ಕಲ್ಲಿನ ಮೇಲೆ ಆರಿಹೋದ ಹಾಲಿಗೆ ಈ ತಿಂಗಳು ಕೈಮುಗಿಯುವುದರಲ್ಲಿ ಅರ್ಥವೇನು?

ಈ ತೊಡಕನ್ನು ಬಿಡಿಸುವ ದಾರಿಯು ನಮಗೆ ಅತ್ಯಂತ ಪರಿಚಿತವಾದ ಸಂದರ್ಭವೊಂದರಲ್ಲಿಯೇ ಅಡಗಿದೆಯೆಂದು ನನ್ನ ಭಾವನೆ. ಸಂಜಯನು ಧೃತರಾಷ್ಟ್ರನ ಪಕ್ಕದಲ್ಲಿ ಕುಳಿತು, ಕುರುಕ್ಷೇತ್ರದಲ್ಲಿ ನಡೆಯುತ್ತಿರುವುದನ್ನು ನಡೆಯುತ್ತಿರುವಂತೆಯೇ ಕಂಡು ಹೇಳಿದನೆಂದು ನಮ್ಮ ಯಕ್ಷಗಾನದ ಆಟ, ತಾಳಮದ್ದಳೆಯ ಕೂಟಗಳಲ್ಲಿ ಕೇಳುತ್ತ ಬಂದಿದ್ದೇವೆ. ಆದರೆ ಮೂಲ ಭಾರತದ ಭೀಷ್ಮಪರ್ವದ ಕಥಾಕ್ರಮವು ಬೇರೆ. ವ್ಯಾಸರು ಮೊದಲು ಧೃತರಾಷ್ಟ್ರನಿಗೇ ಕಣ್ಣುಗಳನ್ನು ಕೊಡಲು ಮುಂದಾಗುತ್ತಾರೆ. ಜ್ಞಾತಿವಧೆಯನ್ನು ಕಾಣಲಾರೆ, ಕೇಳಿದರೆ ಸಾಕೆಂದು ಆತನು ಬೇಡವೆನ್ನುತ್ತಾನೆ. ಆಗ ಸಂಜಯನಿಗೆ ದಿವ್ಯದೃಷ್ಟಿಯ ವರ ದೊರೆಯುತ್ತದೆ. ಮುಂದೆ ಯುದ್ಧದ ಹತ್ತನೆಯ ದಿನ ಭೀಷ್ಮನು ಬಿದ್ದ ಮೇಲೆ ಸಂಜಯನು ರಣಭೂಮಿಯಿಂದ ಬಂದು ಆ ವಾರ್ತೆಯನ್ನು ಮೊದಲು ತಿಳಿಸುತ್ತಾನೆ. ಅನಂತರವೇ ದೊರೆಯು, ನನ್ನವರೂ ಪಾಂಡವರೂ ಅಲ್ಲಿ ಕೂಡಿ ಏನು ಮಾಡಿದರೆಂದು ಭೂತಕಾಲದಲ್ಲಿ ಪ್ರಶ್ನಿಸುತ್ತಾನೆ; ಅದಕ್ಕೆ ಉತ್ತರವಾಗಿಯೇ ಭಗವದ್ಗೀತೆಯು ಬರುತ್ತದೆ. ಅರ್ಥಾತ್, ಧೃತರಾಷ್ಟ್ರನು ಗೀತೆಯನ್ನು ಕೇಳಿದುದು ಅದು ನುಡಿಯಲ್ಪಟ್ಟ ಹತ್ತು ದಿನಗಳ ತರುವಾಯ, ಮೊದಲ ಸೇನಾಪತಿಯು ಶರಶಯ್ಯೆಯಲ್ಲಿ ಮಲಗಿದ ಮೇಲೆ. ನಮ್ಮ ಪರಂಪರೆಯಲ್ಲಿ ಅತಿ ಹೆಚ್ಚು ಪಾರಾಯಣಗೊಳ್ಳುವ ಆ ಉಪದೇಶವು ಹಿಡಿದಿಟ್ಟು, ಕಾಲ ಸರಿದ ಮೇಲೆ ಕೇಳಿಸಿದ ರೂಪದಲ್ಲಿಯೇ ನಮಗೆ ದೊರೆತಿದೆ. ತಡವಾಯಿತೆಂಬ ಒಂದೇ ಕಾರಣದಿಂದ ಅದರ ಪ್ರಾಮಾಣ್ಯಕ್ಕೆ ಯಾವ ಆಚಾರ್ಯರೂ ಕುಂದು ಹೇಳಲಿಲ್ಲ.

ಇಷ್ಟಕ್ಕೆ ಮಾತು ಮುಗಿಯುವುದಿಲ್ಲ. ಒಂದೇ ಉಪದೇಶವನ್ನು ಮೂವರು ಪಡೆದರಷ್ಟೆ. ಅರ್ಜುನನು ಎದುರಿನಲ್ಲಿ ನಿಂತು ಕೇಳಿ ಮೋಹವಳಿದು ಬಿಲ್ಲು ಹಿಡಿದನು. ಸಂಜಯನು ದೂರದಲ್ಲಿದ್ದು ಕೇಳಿ, ಅದನ್ನು ನೆನೆನೆನೆದು ಮತ್ತೆಮತ್ತೆ ಪುಳಕಗೊಳ್ಳುತ್ತಿರುವುದಾಗಿ ಗೀತೆಯ ಕಡೆಯಲ್ಲಿ ಹೇಳಿಕೊಂಡನು. ಧೃತರಾಷ್ಟ್ರನು ಹದಿನೆಂಟು ಅಧ್ಯಾಯಗಳನ್ನೂ ಕೇಳಿದನು. ಕೇಳಿದ ಮೇಲೂ ಆತನ ಪುತ್ರವ್ಯಾಮೋಹದ ಒಂದು ಎಳೆಯೂ ಸಡಿಲಲಿಲ್ಲ. ಇಲ್ಲಿಗೆ ಪ್ರತ್ಯಕ್ಷಕ್ಕೆ ಪೂರ್ಣ ಫಲ, ಪರೋಕ್ಷಕ್ಕೆ ಶೂನ್ಯ ಫಲವೆಂದು ತೀರ್ಮಾನಿಸಲು ಮನಸ್ಸಾಗಬಹುದು. ಆದರೆ ಅಶ್ವಮೇಧಿಕಪರ್ವವು ಆ ಅವಸರದ ತೀರ್ಮಾನಕ್ಕೆ ತಡೆಯೊಡ್ಡುತ್ತದೆ. ಯುದ್ಧವು ಮುಗಿದು ನೆಮ್ಮದಿಯ ದಿನಗಳು ಬಂದಾಗ ಅರ್ಜುನನು ಕೃಷ್ಣನಿಗೆ, ನೀನಂದು ಹೇಳಿದುದು ನನ್ನ ಮನಸ್ಸಿನಿಂದ ಜಾರಿಹೋಗಿದೆ, ಇನ್ನೊಮ್ಮೆ ಹೇಳೆಂದು ಬೇಡುತ್ತಾನೆ. ಕೃಷ್ಣನು ಅಪ್ರಸನ್ನನಾಗಿ, ಅಂದು ಯೋಗಯುಕ್ತನಾಗಿ ನುಡಿದುದನ್ನು ಹಾಗೆಯೇ ಪುನಃ ನುಡಿಯುವುದು ತನಗೂ ಅಶಕ್ಯವೆಂದು ಹೇಳಿ, ಬೇರೆಯ ಇತಿಹಾಸವೊಂದರ ಮೂಲಕ ಅನುಗೀತೆಯನ್ನು ಉಪದೇಶಿಸುತ್ತಾನೆ. ಎದುರಿನಲ್ಲಿದ್ದವನು ಮರೆತನು, ಹಿಡಿದಿಟ್ಟವನು ನೆನೆದು ಸುಖಿಸಿದನು, ಹಿಡಿದಿಟ್ಟುದನ್ನು ಪಡೆದವನು ಇದ್ದಂತೆಯೇ ಉಳಿದನು. ಮೂವರ ಗತಿಯನ್ನೂ ನಿರ್ಣಯಿಸಿದುದು ಅವರವರ ಅವಧಾನ; ಕಾಲದ ಸಾಮೀಪ್ಯವಾಗಲಿ ದೂರವಾಗಲಿ ಅದಕ್ಕೆ ಕಾರಣವಾಗಲಿಲ್ಲ. ಕೃಷ್ಣನೇ ಮರಳಿ ಹೇಳಲಾಗದುದನ್ನು ನಮ್ಮವರೆಗೆ ತಲುಪಿಸಿದುದು ಸಂಜಯನ ಧಾರಣೆಯೆಂಬುದನ್ನು ನೆನೆದರೆ, ಹಿಡಿದಿಡುವ ಕಾರ್ಯವನ್ನು ಹಗುರವಾಗಿ ಕಾಣಲು ನನ್ನ ಮನಸ್ಸು ಒಪ್ಪದು.

ಪ್ರಮಾಣಶಾಸ್ತ್ರದ ದೃಷ್ಟಿಯಿಂದ ಈ ಡಿಸ್ಕಿನ ನೋಟಕ್ಕೆ ಯಾವ ಸ್ಥಾನವೆಂಬುದನ್ನೂ ಸ್ವಲ್ಪ ನೋಡಬೇಕು. ನೈಯಾಯಿಕರು ಸ್ಮೃತಿಯನ್ನು ಪ್ರಮಾಣಗಳ ಪಂಕ್ತಿಯಿಂದ ಹೊರಗಿಡುತ್ತಾರೆ. ಹಿಂದೆ ಅನುಭವಿಸಿದುದರ ಸಂಸ್ಕಾರಮಾತ್ರದಿಂದ ಅದು ಹುಟ್ಟುವುದೆಂಬುದು ಅವರ ಕಾರಣ. ಆದರೆ ಅಭಿಷೇಕದ ಹೊತ್ತಿಗೆ ತೋಟದಲ್ಲಿದ್ದವನಿಗೆ ಪೂರ್ವಾನುಭವವೇ ಇಲ್ಲದಿರುವಾಗ ಅವನ ನೋಟವು ಸ್ಮೃತಿಯಾಗಲಾರದು. ಇಂದ್ರಿಯಕ್ಕೂ ಆ ವಸ್ತುವಿಗೂ ಈಗ ಸಂಬಂಧವಿಲ್ಲವಾದುದರಿಂದ ಪ್ರತ್ಯಕ್ಷವೂ ಆಗಲಾರದು. ಉಳಿದುದು ಶಬ್ದಪ್ರಮಾಣ: ನಂಬಲರ್ಹನಾದವನೊಬ್ಬನು ಕಂಡುದನ್ನು ನಮಗೆ ತಲುಪಿಸುವುದು. ಜೈನರ ವಿಭಾಗವು ಇಲ್ಲಿ ಇನ್ನಷ್ಟು ಸಹಾಯಕ. ಮತಿ, ಶ್ರುತ, ಅವಧಿ, ಮನಃಪರ್ಯಯ, ಕೇವಲ ಎಂದು ಅವರು ಜ್ಞಾನವನ್ನು ಐದಾಗಿ ವಿಭಜಿಸಿ, ಇಂದ್ರಿಯಮನಸ್ಸುಗಳಿಂದ ಹುಟ್ಟುವ ಮತಿಜ್ಞಾನದ ಬೆನ್ನಿಗೆ ಬರುವುದು ಶ್ರುತಜ್ಞಾನವೆನ್ನುತ್ತಾರೆ. ಯಾರದೋ ಕಣ್ಣಿಗೆ, ಇಲ್ಲಿ ಕ್ಯಾಮೆರಾದ ಹಿಂದಿನವನ ಕಣ್ಣಿಗೆ, ಬಿದ್ದುದು ನಮಗೆ ದಾಟಿ ಬರುವಾಗ ಅದನ್ನು ಶ್ರುತದ ಪಕ್ಕದಲ್ಲಿ ಇರಿಸುವುದೇ ಸರಿ. ಹಾಗಾದರೆ ಅದಕ್ಕೆ ಶ್ರುತಕ್ಕೆ ಸಲ್ಲುವ ಮರ್ಯಾದೆಯೂ ಸಲ್ಲಬೇಕು, ಶ್ರುತವನ್ನು ಪಡೆಯುವವನಿಗಿರುವ ಹೊಣೆಯೂ ಇರಬೇಕು.

ಆ ಹೊಣೆಯು ಎಂಥದೆಂಬುದನ್ನು ನಾನು ತಿಳಿದುಕೊಂಡುದು ವೇಣೂರಿನ ಕಡೆಗೆ ಹೋಗುವ ದಾರಿಯಲ್ಲಿನ ಒಂದು ಜೈನ ಮನೆಯಲ್ಲಿ. ಆ ಮನೆಯ ಹಿರಿಯಮ್ಮನಿಗೆ ವಿಂಧ್ಯಗಿರಿಯ ಆರುನೂರಕ್ಕೂ ಮಿಕ್ಕ ಮೆಟ್ಟಿಲುಗಳನ್ನು ಹತ್ತುವ ವಯಸ್ಸು ದಾಟಿತ್ತು. ಅಭಿಷೇಕದ ದಿನ ಮೈಯೂ ನೆಟ್ಟಗಿರಲಿಲ್ಲ. ಮೊಮ್ಮಗನು ಅದನ್ನು ರೆಕಾರ್ಡ್ ಮಾಡಿಟ್ಟನು. ಆಕೆ ಚೇತರಿಸಿಕೊಂಡ ಮೇಲೆ ಒಂದು ಮುಂಜಾನೆ ಮಿಂದು, ಒಗೆದ ಬಿಳಿಯ ಸೀರೆಯುಟ್ಟು, ಟಿ.ವಿ.ಯ ಪಕ್ಕದಲ್ಲಿ ದೀಪ ಹಚ್ಚಿಸಿ, ಆಹಾರ ತೆಗೆದುಕೊಳ್ಳದೆಯೇ ಮಣೆಯ ಮೇಲೆ ಕುಳಿತಳು. ಗಣ್ಯರ ಭಾಷಣಗಳನ್ನು ಮೊಮ್ಮಗನು ಓಡಿಸಿದಾಗ ಆಕೆ ಏನೂ ಹೇಳಲಿಲ್ಲ. ಜಲಾಭಿಷೇಕವಾಯಿತು, ಎಳನೀರಾಯಿತು, ಕಬ್ಬಿನ ಹಾಲಾಯಿತು. ಹಾಲಿನ ಅಭಿಷೇಕವು ನಡೆಯುತ್ತಿರುವಾಗ ಮನೆಯ ಫೋನು ಕರೆಯಿತೆಂದು ಹುಡುಗನು ರಿಮೋಟನ್ನು ಒತ್ತಲು ಹೋದನು. “ನಿಲ್ಲಿಸಬೇಡ ಮಗ, ಅಭಿಷೇಕವನ್ನು ಅರ್ಧಕ್ಕೆ ನಿಲ್ಲಿಸುವುದುಂಟಾ?” ಎಂದು ಆಕೆ ಕಣ್ಣು ತೆಗೆಯದೆ ನುಡಿದಳು. ಫೋನು ಕರೆದು ಕರೆದು ಸುಮ್ಮನಾಯಿತು. ಅರಿಶಿನ, ಶ್ರೀಗಂಧ, ಕೇಸರಿಗಳ ವರ್ಣಗಳು ಮೂರ್ತಿಯ ಮೇಲಿಂದ ಒಂದೊಂದಾಗಿ ಇಳಿದು ಮುಗಿದ ಮೇಲೆ, ಬೆಳಗೊಳಕ್ಕೆ ಹೋಗಿಬಂದ ಸಂಬಂಧಿಕರು ಪುಟ್ಟ ಸೀಸೆಯಲ್ಲಿ ತಂದುಕೊಟ್ಟಿದ್ದ, ಅಭಿಷೇಕದ ಜಲವಾದ ಗಂಧೋದಕವನ್ನು ಬೆರಳ ತುದಿಯಲ್ಲಿ ಮುಟ್ಟಿ, ಹಣೆಗೂ ನೆತ್ತಿಗೂ ಹಚ್ಚಿಕೊಂಡಳು.

ಆಕೆಗಾದುದು ದರ್ಶನವೇ ಎಂದು ಕೇಳಿದರೆ ನಾನು ಅಹುದೆನ್ನುತ್ತೇನೆ. ಯಂತ್ರವು ಆಕೆಗೆ ಕೊಟ್ಟಿದ್ದ, ಬೇಕಾದಲ್ಲಿ ನಿಲ್ಲಿಸುವ ಅಧಿಕಾರವನ್ನು ಆಕೆ ಕೈಯಾರೆ ತ್ಯಜಿಸಿದಳು. ತ್ಯಜಿಸಿ, ತನ್ನನ್ನು ಆ ಅಭಿಷೇಕದ ಕಾಲಕ್ಕೆ ಒಪ್ಪಿಸಿಕೊಂಡಳು. ಗಂಧೋದಕದ ಸೀಸೆಯೂ ಇಲ್ಲಿ ಗಮನಾರ್ಹ. ಕಣ್ಣಿಗೆ ಸಲ್ಲುವುದನ್ನು ಡಿಸ್ಕು ತರಬಲ್ಲುದು, ಮೈಗೆ ಸಲ್ಲುವುದನ್ನು ತರಲಾರದು; ಕಾರಿಂಜದ ಬೆಟ್ಟದಲ್ಲಿ ಆಟಿ ಅಮಾವಾಸ್ಯೆಯ ತೀರ್ಥಸ್ನಾನಕ್ಕೆ ಮಳೆಯಲ್ಲಿ ನೆನೆಯುತ್ತ ಹತ್ತಿಹೋಗುವ ಜನಕ್ಕೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಮುದುಕಿಯು ಎರಡರ ಮೇರೆಯನ್ನೂ ಅರಿತವಳಾಗಿದ್ದಳು.

ಇನ್ನು ಅದೇ ಊರಿನ ಇನ್ನೊಂದು ಬಗೆಯ ಮನೆಯನ್ನು ನೋಡೋಣ. ಅಲ್ಲಿ ಸಾಲುಸಾಲಾಗಿ ಡಿಸ್ಕುಗಳು. ಪ್ರತಿಯೊಂದರ ಮೇಲೂ ಮಾರ್ಕರ್ ಪೆನ್ನಿನಲ್ಲಿ ಬರೆದ ಹೆಸರು, ತಾರೀಖು. ಬರೆದ ದಿನದಿಂದ ಇಂದಿನವರೆಗೆ ಒಂದನ್ನೂ ಹಾಕಿ ನೋಡಿದುದಿಲ್ಲ. ರೆಕಾರ್ಡ್ ಆಯಿತೆಂಬ ನಿಶ್ಚಿಂತೆಯೇ ನೋಡುವ ಆಸೆಯನ್ನು ತಣಿಸಿಬಿಟ್ಟಿತು. ಜೈನರ ಪಂಚವ್ರತಗಳಲ್ಲಿ ಕಡೆಯದಾದ ಅಪರಿಗ್ರಹವನ್ನು ವಿವರಿಸುವಾಗ ಉಮಾಸ್ವಾತಿಗಳು, ವಸ್ತುವಿನ ಒಡೆತನಕ್ಕಿಂತಲೂ ಅದರಲ್ಲಿ ಮನಸ್ಸು ಮೂರ್ಛೆಗೊಂಡಿರುವುದೇ ಪರಿಗ್ರಹದ ಸ್ವರೂಪವೆಂದು ತತ್ತ್ವಾರ್ಥಸೂತ್ರದಲ್ಲಿ ತಿಳಿಸುತ್ತಾರೆ. ಚಿನ್ನವನ್ನು ಕೂಡಿಡುವವನಿಗೆ ತಾನು ಕೂಡಿಡುತ್ತಿರುವೆನೆಂಬ ಅರಿವಾದರೂ ಇರುತ್ತದೆ. ದೇವರ ಉತ್ಸವವನ್ನು ಕೂಡಿಡುವವನು ತಾನು ಭಕ್ತಿಯನ್ನಾಚರಿಸುತ್ತಿರುವೆನೆಂದೇ ತಿಳಿದಿರುತ್ತಾನಾದುದರಿಂದ ಅವನ ಮೂರ್ಛೆಯು ಎಚ್ಚರಾಗುವುದು ಹೆಚ್ಚು ಕಷ್ಟ. 4 ಗಂಟೆಯ ಕಾರ್ಯಕ್ರಮವನ್ನು ಡಿಸ್ಕಿಗೆ ತುಂಬಿದವನು ತನ್ನ ಆಯುಸ್ಸಿನ 4 ಗಂಟೆಗಳನ್ನು ಅದಕ್ಕೆ ಸಾಲವಾಗಿ ಬರೆದುಕೊಟ್ಟಂತಾಯಿತು. ಯಂತ್ರವು ನಮಗಾಗಿ ಕಾಯಬಲ್ಲುದು, ನಮಗಾಗಿ ನೋಡಲಾರದು. ಜೈನ ಗೃಹಸ್ಥನಾದ ಶ್ರಾವಕನು ತನ್ನ ಧನಧಾನ್ಯಗಳಿಗೆ ಇಂತಿಷ್ಟೆಂದು ಪರಿಮಾಣವನ್ನು ವಿಧಿಸಿಕೊಳ್ಳುವ ಅಣುವ್ರತವಿದೆ. ನೋಡಲು ತೀರದಷ್ಟು ದೃಶ್ಯಗಳಿಗೂ ಅದೇ ಪರಿಮಾಣವು ಅನ್ವಯಿಸಬೇಕೆಂದು ನನ್ನ ದೃಢವಾದ ಅಭಿಪ್ರಾಯ.

ಇದೇ ವಿಚಾರಕ್ಕೆ ಲೌಕಿಕ ನ್ಯಾಯವೂ ಬೇರೆ ಹಾದಿಯಿಂದ ಬಂದು ತಲುಪಿದುದುಂಟು. ಟಿ.ವಿ. ಕಾರ್ಯಕ್ರಮಗಳನ್ನು ಮನೆಯಲ್ಲಿ ಕ್ಯಾಸೆಟ್ಟಿಗೆ ಇಳಿಸಿಕೊಳ್ಳುವುದು ಅಪರಾಧಕ್ಕೆ ಸಮವೇ ಎಂಬ ವ್ಯಾಜ್ಯವು ಸೋನಿ ಸಂಸ್ಥೆಗೂ ಯೂನಿವರ್ಸಲ್ ಚಿತ್ರಸಂಸ್ಥೆಗೂ ನಡುವೆ ನಡೆದು, 1984ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಐವರ ಬಹುಮತ, ನಾಲ್ವರ ಭಿನ್ನಮತದಲ್ಲಿ, ಮನೆಯವರ ಆ ಉಪಯೋಗವು ನ್ಯಾಯವೇ ಎಂದು ತೀರ್ಪಿತ್ತಿತು. ಬಹುಪಾಲು ಜನರು ಆ ವೇಳೆಗೆ ನೋಡಲಾಗದುದನ್ನು ಬೇರೊಂದು ವೇಳೆಗೆ ಒಮ್ಮೆ ನೋಡಿ ಅಳಿಸಿಬಿಡುತ್ತಾರೆಂಬ ಸಂಗತಿಯೇ ಆ ತೀರ್ಪಿನ ಆಧಾರ. ನೋಡುವ ವೇಳೆಯನ್ನು ಮುಂದೂಡುವವನನ್ನು ನ್ಯಾಯಾಲಯವು ರಕ್ಷಿಸಿತು. ಗ್ರಂಥಾಲಯ ಕಟ್ಟುವವನ ಹಕ್ಕನ್ನು ಎತ್ತಿಹಿಡಿಯುವ ಗೋಜಿಗೆ ಹೋಗಲಿಲ್ಲ. ಧರ್ಮಚಿಂತನೆಯಲ್ಲಿಯೂ ನಾನು ಮೊದಲನೆಯವನ ಪಕ್ಷದವನು.

ಆದರೆ ಇಷ್ಟು ಹೇಳುವಾಗಲೇ ಮೂಡುಬಿದಿರೆಯು ನೆನಪಾಗಿ ನನ್ನ ಮಾತನ್ನು ತಡೆಯುತ್ತದೆ. ಸೌರಾಷ್ಟ್ರದ ಗಿರಿನಗರದ ಚಂದ್ರಗುಹೆಯಲ್ಲಿದ್ದ ವೃದ್ಧರಾದ ಧರಸೇನಾಚಾರ್ಯರು, ಮಹಾವೀರರಿಂದ ಬಾಯಿಂದ ಬಾಯಿಗೆ ಹರಿದುಬಂದ ಶ್ರುತವು ಜನರ ಧಾರಣಶಕ್ತಿಯು ಕುಗ್ಗಿದಂತೆ ಕ್ಷೀಣಿಸುತ್ತಿರುವುದನ್ನು ಕಂಡು, ತಮ್ಮಲ್ಲುಳಿದುದನ್ನು ಪುಷ್ಪದಂತ, ಭೂತಬಲಿಯೆಂಬ ಇಬ್ಬರು ಮುನಿಗಳಿಗೆ ಧಾರೆಯೆರೆದರು. ಅವರು ಅದನ್ನು ಷಟ್ಖಂಡಾಗಮವಾಗಿ ಬರೆದಿರಿಸಿದರು. ಕೃತಿಯು ಮುಗಿದು ಪೂಜೆಗೊಂಡ ಜ್ಯೇಷ್ಠ ಶುದ್ಧ ಪಂಚಮಿಯನ್ನು ಇಂದಿಗೂ ಶ್ರುತಪಂಚಮಿಯೆಂದು ಜೈನರು ಆಚರಿಸುತ್ತಾರೆ. ಸ್ಮೃತಿಯಿಂದ ಬರವಣಿಗೆಗೆ ಇಳಿದುದನ್ನು ಅವನತಿಯೆಂದು ಶೋಕಿಸದೆ ಹಬ್ಬವನ್ನಾಗಿ ಮಾಡಿದ ಆ ವಿವೇಕವು ದೊಡ್ಡದು. ಮುಂದೆ ರಾಷ್ಟ್ರಕೂಟರ ಕಾಲದಲ್ಲಿ ವೀರಸೇನಾಚಾರ್ಯರು ಅದಕ್ಕೆ ಧವಲಾ ಟೀಕೆಯನ್ನು ರಚಿಸಿದರು. ಹಳೆಗನ್ನಡ ಲಿಪಿಯಲ್ಲಿ ತಾಳೆಗರಿಗಳ ಮೇಲೆ ಬರೆದ ಅದರ ಪ್ರತಿಗಳು ಉಳಿದುಬಂದುದು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ, ವಾಮದಪದವಿನಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರದಲ್ಲಿ.

ಶತಮಾನಗಳ ಕಾಲ ಅವು ಓದಲ್ಪಡಲಿಲ್ಲ. ಯಾತ್ರಿಕರು ಬಂದಾಗ ಕಟ್ಟನ್ನು ಹೊರತಂದು ದರ್ಶನ ಮಾಡಿಸುತ್ತಿದ್ದರು, ಕೈಮುಗಿದವರು ಮುಂದೆ ಸಾಗುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಸೋಲಾಪುರ, ಮುಂಬಯಿಗಳ ಶ್ರಾವಕರ ಪ್ರಯತ್ನದಿಂದ ಪ್ರತಿಲಿಪಿಯ ಕಾರ್ಯ ಆರಂಭವಾಗಿ, ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ 1939ರಿಂದ ಅದು ಸಂಪುಟ ಸಂಪುಟವಾಗಿ ಅಚ್ಚಾಯಿತು. ಓದದೆ ಇರಿಸಿದ್ದುದನ್ನು ಪರಿಗ್ರಹವೆಂದು ಖಂಡಿಸಿ ಯಾರಾದರೂ ಹೊರಗೆಸೆದಿದ್ದರೆ ಇಂದು ಆ ಆಗಮವೇ ಇರುತ್ತಿರಲಿಲ್ಲ. ಆದುದರಿಂದ, ನೋಡದ ಸಂಗ್ರಹವೆಲ್ಲವೂ ಲೋಭವೆನ್ನುವ ಅಧಿಕಾರ ನನಗಿಲ್ಲ. ಎರಡಕ್ಕೂ ಇರುವ ಭೇದವು ಇಷ್ಟು: ತಾಳೆಗರಿಯ ಕಟ್ಟು ಬೇರೆಲ್ಲಿಯೂ ಇಲ್ಲದುದಾಗಿತ್ತು, ಅದನ್ನು ಇರಿಸಿಕೊಂಡವರು ತಮ್ಮ ಭೋಗಕ್ಕೆಂದು ಇರಿಸಿಕೊಳ್ಳಲಿಲ್ಲ, ಪೀಳಿಗೆಯಿಂದ ಪೀಳಿಗೆಗೆ ಅದನ್ನು ನೋಡಿಕೊಳ್ಳುವ ಹೊಣೆ ಹೊತ್ತವರಿದ್ದರು. ಕಪಾಟಿನ ಡಿಸ್ಕಿಗೆ ಆ ಬಗೆಯ ಸೇವೆಯು ದೊರೆಯುವುದು ಅಪರೂಪ. ನಮ್ಮ ಕರಾವಳಿಯ ತೇವದ ಗಾಳಿಗೆ ಅದರ ಮೇಲೆ ಬೂಷ್ಟು ಕೂರುತ್ತದೆ, ಬಣ್ಣದ ಪದರವು ಮಾಸುತ್ತದೆ, ಅಂಚಿನಿಂದ ಒಳನುಗ್ಗಿದ ತೇವವು ಹೊಳೆಯುವ ಲೋಹದ ಪದರವನ್ನು ತಿನ್ನುತ್ತದೆ. ತಾಳೆಗರಿಯು ಸಾವಿರ ವರ್ಷಗಳ ಸಮೀಪದವರೆಗೆ ಬಾಳಿದ ಈ ನೆಲದಲ್ಲಿ, ಹದಿನೈದು ವರ್ಷಗಳ ಹಿಂದಿನ ಡಿಸ್ಕು ಓಡುವುದೆಂಬ ಭರವಸೆಯಿಲ್ಲ.

ಬೇರೆಲ್ಲಿಯೂ ಇಲ್ಲದುದು ಎಂದೆನಷ್ಟೆ. ಅಂಥದು ನಮ್ಮ ಮನೆಗಳಲ್ಲಿ ಇಲ್ಲವೆನ್ನುವುದಕ್ಕಿಲ್ಲ. ತಾಳಮದ್ದಳೆಯ ಅರ್ಥವು ಬಾಯಿಪಾಠದ್ದಲ್ಲ. ಆ ರಾತ್ರಿ, ಆ ಎದುರಾಳಿಯ ಮಾತಿಗೆ, ಆ ಸಭೆಯ ಮುಖವನ್ನು ನೋಡಿ ಹುಟ್ಟುವುದು. 2006ರಲ್ಲಿ ತೀರಿಕೊಂಡ ಶೇಣಿ ಗೋಪಾಲಕೃಷ್ಣ ಭಟ್ಟರು ಒಂದು ಕೂಟದಲ್ಲಿ ವಾಲಿಯಾಗಿ ಆಡಿದ ಮಾತು ಇನ್ನೊಂದು ಕೂಟದಲ್ಲಿ ಹಾಗೆಯೇ ಬರುತ್ತಿರಲಿಲ್ಲ. ಮೂಡುಬಿದಿರೆಯ ಬಳಿಯ ಮಾರೂರಿನಲ್ಲಿದ್ದು 2023ರಲ್ಲಿ ನಮ್ಮನ್ನಗಲಿದ ಬಲಿಪ ನಾರಾಯಣ ಭಾಗವತರ ಕಂಠವು ಬೆಳಗಿನ ಜಾವದಲ್ಲಿ ಏರುತ್ತಿದ್ದ ಎತ್ತರವನ್ನು ಕೇಳಿದವರು ವರ್ಣಿಸಬಹುದು, ಮರಳಿ ತರಲಾರರು. ಇಂಥದನ್ನು ಹಿಡಿದಿಟ್ಟವನು ಒಮ್ಮೆಯೂ ನೋಡದೆ ಇರಿಸಿಕೊಂಡಿದ್ದರೂ ನಾನು ಆತನಿಗೆ ಕೃತಜ್ಞನು. ಫಿಲಡೆಲ್ಫಿಯಾದಲ್ಲಿ ಮೇರಿಯನ್ ಸ್ಟೋಕ್ಸ್ ಎಂಬಾಕೆ 1979ರಿಂದ 2012ರಲ್ಲಿ ತೀರಿಕೊಳ್ಳುವವರೆಗೆ ಹಗಲಿರುಳು ಟಿ.ವಿ. ವಾರ್ತೆಗಳನ್ನು ರೆಕಾರ್ಡ್ ಮಾಡಿ ಸುಮಾರು 70,000 ಕ್ಯಾಸೆಟ್ಟುಗಳನ್ನು ಬಿಟ್ಟುಹೋದಳು. ಅಷ್ಟನ್ನು ನೋಡಲು ಇನ್ನೊಂದು ಜನ್ಮವೂ ಸಾಲದು. ಆದರೆ ಪ್ರಸಾರಮಾಡಿದವರೇ ಉಳಿಸಿಕೊಳ್ಳದುದನ್ನು ಆಕೆ ಉಳಿಸಿದಳು; ಅವೆಲ್ಲವೂ ಈಗ ಸಾರ್ವಜನಿಕ ಸಂಗ್ರಹವೊಂದರ ವಶದಲ್ಲಿವೆ. ಕೊಡುವ ಕೈಗೆ ಸೇರಿದಾಗ ಸಂಗ್ರಹದ ದೋಷವು ಕಳೆಯುತ್ತದೆ.

ಒಂದನ್ನು ಮಾತ್ರ ಹಿಡಿದಿಡಬಾರದೆಂದು ನನ್ನ ಮತ. ಭೂತಕೋಲದಲ್ಲಿ ದೈವವು ಕೊಡುವ ನುಡಿಯು ಗುತ್ತಿನ ಯಜಮಾನನನ್ನೂ ಹತ್ತು ಸಮಸ್ತರನ್ನೂ ಎದುರಿಗಿರಿಸಿಕೊಂಡು, ಆ ವರ್ಷದ ಅವರ ಸುಖದುಃಖಕ್ಕೆ, ಅವರ ನಡುವಣ ತಕರಾರಿಗೆ ಹೇಳಿದ ಮಾತು. ಅದು ಪ್ರದರ್ಶನವಲ್ಲ, ಸಂಬೋಧನೆ. ಸಂಬೋಧಿಸಲ್ಪಟ್ಟವನು ಕೇಳಿ ತಲೆಬಾಗಿದಲ್ಲಿಗೆ ಅದರ ಕಾರ್ಯವು ಪೂರ್ಣವಾಗುವುದು. ಯಾರದೋ ಫೋನಿನಲ್ಲಿ ಅದು ಊರೂರು ಸುತ್ತಿ, ಅರಿಯದವರ ಮನರಂಜನೆಯಾಗುತ್ತಿರುವುದನ್ನು ಕಂಡಾಗ ನನಗೆ ನಿಜವಾಗಿಯೂ ನೋವಾಗುತ್ತದೆ.

ಡಿ.ವಿ.ಡಿ. ರೆಕಾರ್ಡರುಗಳು ಈಗ ನಮ್ಮ ಅಂಗಡಿಗಳಲ್ಲಿ ಸಿಕ್ಕುವುದಿಲ್ಲ. ಕೆಟ್ಟವನ್ನು ರಿಪೇರಿ ಮಾಡುವವರೂ ವಿರಳ. ಈ ಬರಹವನ್ನು ಓದುವವರ ಮನೆಯಲ್ಲಿ ಆ ಕಾಲದ ಡಿಸ್ಕುಗಳು ಇದ್ದರೆ, ಮುಂದಿನ ಮಳೆಗಾಲ ಹಿಡಿಯುವುದಕ್ಕೆ ಮುನ್ನ ಒಮ್ಮೆ ಕಪಾಟನ್ನು ತೆರೆಯಿರಿ. ಎಲ್ಲೆಡೆಯೂ ದೊರೆಯುವ ಕಾರ್ಯಕ್ರಮಗಳಾದರೆ ಮನೆಯವರೆಲ್ಲ ಕುಳಿತು ಒಮ್ಮೆ ನೋಡಿ, ಬಿಟ್ಟುಬಿಡಿರಿ. ಊರಿನ ಆಟ, ಕೂಟ, ಬ್ರಹ್ಮಕಲಶ, ತೀರಿಕೊಂಡ ಕಲಾವಿದರ ಮಾತುಗಾರಿಕೆ ಏನಾದರೂ ಅವುಗಳಲ್ಲಿದ್ದರೆ ಕಂಪ್ಯೂಟರ್ ಬಲ್ಲ ಹುಡುಗರಿಂದ ಎರಡು ಪ್ರತಿ ಮಾಡಿಸಿ, ಒಂದನ್ನು ಮನೆಯಲ್ಲಿರಿಸಿ, ಇನ್ನೊಂದನ್ನು ಆ ಕಲಾವಿದರ ಮನೆಯವರಿಗೋ ಊರಿನ ಕಾಲೇಜಿಗೋ ಬೆಲೆ ತೆಗೆದುಕೊಳ್ಳದೆ ಕೊಡಿರಿ. ಹಳೆಯ ರೆಕಾರ್ಡರ್ ಇನ್ನೂ ಚಾಲೂ ಇದ್ದು, ಫೈನಲೈಸ್ ಆಗದ ಡಿಸ್ಕುಗಳು ಉಳಿದಿದ್ದರೆ ಆ ಕೆಲಸವನ್ನು ಎಲ್ಲಕ್ಕಿಂತ ಮೊದಲು ಮುಗಿಸಿರಿ. ಆ ಯಂತ್ರವು ನಿಂತುಹೋದರೆ ಸಾಮಾನ್ಯ ಪ್ಲೇಯರುಗಳಲ್ಲಿ ಅವು ಓಡುವುದಿಲ್ಲ.